ಮಂಗಳವಾರದ ಸಂಸಾರ

ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿರುವ ಮನುಷ್ಯನಿಗೆ ಎಡಗಾಲಪ್ಪ ಎಂದು ಹೆಸರು ಬೀಳಬೇಕಾದರೆ ಅವನು ಏನು ಮಾಡಿರಬೇಕೋ, ಅದನ್ನೇ ಅವನು ಮಾಡಿದ್ದ. ಮದುವೆ ಗಂಡೊಬ್ಬನಿಗೆ ಕನ್ನಡಿಯ ಹಾಗೆ ಹೊಳೆಯುವ ಕರಿ ಬೂಟನ್ನು ಡಬ್ಬದಲ್ಲಿಟ್ಟು, ಮೇಲೊಂದು ರಿಬ್ಬನ್ನು ಕಟ್ಟಿ, ಶುಭ ಹಾರೈಸಿ ಕಳಿಸಿಕೊಟ್ಟಿದ್ದ. ಡಬ್ಬದಲ್ಲಿದ್ದದ್ದು ಎರಡೂ ಎಡಗಾಲಿನವು. ಮದುವೆಯ ಫೋಟೋಗಳಲ್ಲೆಲ್ಲ ಆ ಗಂಡು ಹೆಣ್ಣಿನ ಕಡೆಗೆ ವಾಲಿಕೊಂಡೇ ನಿಂತಿದ್ದಾನಂತೆ. ಎಂಥ ಪ್ರೀತಿ ಎಂದು ನೆಂಟರು ಮೆಚ್ಚಿಕೊಂಡದ್ದರಿಂದ ಅಂಗಡಿಯ ಯಜಮಾನರು ಇವನನ್ನು ಕೆಲಸದಿಂದ ತೆಗೆಯಲಿಲ್ಲ. ಹೆಸರನ್ನಷ್ಟೇ ಬದಲಾಯಿಸಿದರು.

ಅಂಥ ಎಡಗಾಲಪ್ಪನನ್ನು ಸಿನಿಮಾ ತಾನಾಗಿ ಹುಡುಕಿಕೊಂಡು ಬಂತು.

ಒಂದು ಮಧ್ಯಾಹ್ನ ಕುರುಚಲು ಗಡ್ಡದವರೊಬ್ಬರು ಅಂಗಡಿಗೆ ಬಂದರು. ಬಂದವರು ಕೂರಲಿಲ್ಲ, ಕಾಲು ಚಾಚಲಿಲ್ಲ. ಬೂಟುಗಳನ್ನು ಒಂದೊಂದಾಗಿ ಕೈಗೆ ತೊಟ್ಟುಕೊಂಡು, ಗಲ್ಲಾಪೆಟ್ಟಿಗೆಯ ಮೇಲೆ ಕುಟ್ಟಿ, ಕಣ್ಣು ಮುಚ್ಚಿಕೊಂಡು ಕೇಳಿದರು. ಯಾವುದೂ ಒಪ್ಪಿಗೆಯಾಗಲಿಲ್ಲ.

"ಕಿರ್ ಅನ್ನೋದು ಇಲ್ವಾ?" ಎಂದರು.

ಕಿರ್ ಅನ್ನುವುದಿಲ್ಲ ಎಂದು ಆಣೆ ಹಾಕಿಯೇ ಇಷ್ಟು ವರ್ಷ ಮಾರಿಕೊಂಡು ಬಂದ ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದೆ ಎದ್ದುನಿಂತರು. ಎಡಗಾಲಪ್ಪ ಮಾತ್ರ ಹಿಂದಿನ ಕೋಣೆಗೆ ಹೋಗಿ, ಗಿರಾಕಿಗಳು ಬೈದು ವಾಪಸು ಎಸೆದುಹೋದ ರಾಶಿಯಿಂದ ಒಂದು ಜೊತೆ ಆರಿಸಿ, ತಾನೇ ಹಾಕಿಕೊಂಡು ಅಂಗಡಿಯ ಉದ್ದಕ್ಕೂ ನಡೆದು ತೋರಿಸಿದ. ಹೆಜ್ಜೆಹೆಜ್ಜೆಗೂ ಬೂಟು ಗೋಳಾಡಿತು. ಗಡ್ಡದವರ ಮುಖ ಅರಳಿತು. ಬೂಟನ್ನು ಬಿಟ್ಟು ಇವನ ಪಾದಗಳನ್ನೇ ನೋಡತೊಡಗಿದರು. ಗಂಡಸಿಗೆ ಇಷ್ಟು ಪುಟ್ಟ ಪಾದ ಸಿಗುವುದು ಕಷ್ಟ, ಹೆಂಗಸರ ಚಪ್ಪಲಿಯೂ ಹಿಡಿಸಬಹುದಲ್ಲವೇ ಎಂದು ಕೇಳಿದರು. ಹಿಡಿಸುತ್ತದೆ ಎಂಬುದು ಎಡಗಾಲಪ್ಪ ಜೀವಮಾನವಿಡೀ ಮುಚ್ಚಿಟ್ಟುಕೊಂಡು ಬಂದ ಸಂಗತಿ. ಯಜಮಾನರ ಎದುರಿಗೇ ಒಪ್ಪಿಕೊಳ್ಳಬೇಕಾಯಿತು.

ಗಡ್ಡದವರು ಸಿನಿಮಾಕ್ಕೆ ಸದ್ದು ಕೂಡಿಸುವ ಮಾಸ್ತರು. ಶೂಟಿಂಗಿನಲ್ಲಿ ನಟನಟಿಯರ ಮಾತಷ್ಟೇ ಸರಿಯಾಗಿ ಸಿಗುತ್ತದೆ, ಉಳಿದ ಸದ್ದನ್ನೆಲ್ಲ ಆಮೇಲೆ ಒಂದು ಮುಚ್ಚಿದ ಕೋಣೆಯಲ್ಲಿ ಪರದೆ ನೋಡಿಕೊಂಡು ಬೇರೆಯವರು ಮಾಡಬೇಕು ಎಂದು ವಿವರಿಸಿದರು. ನಾಯಕ ಖಳನ ಕೆನ್ನೆಗೆ ಬಾರಿಸಿದರೆ ಅದು ಒದ್ದೆ ಟವಲಿನಿಂದ ಯಾರೋ ತಮ್ಮ ತೊಡೆಗೆ ಹೊಡೆದುಕೊಂಡದ್ದು. ಮುತ್ತು ಕೊಟ್ಟರೆ ಯಾರೋ ತಮ್ಮದೇ ಮುಂಗೈಗೆ ಕೊಟ್ಟುಕೊಂಡದ್ದು. ಈಗ ಮುಗಿಯುತ್ತಿರುವುದು ಒಂದು ಕುಟುಂಬದ ಕಥೆ. ದೊಡ್ಡ ಮನೆ, ತುಂಬಾ ಮೆಟ್ಟಿಲು, ಅಳುವವರು ಕೂಡ ಕೂತು ಅಳುವುದಿಲ್ಲ, ನಡೆದಾಡಿಕೊಂಡೇ ಅಳುತ್ತಾರೆ. ಅವರೆಲ್ಲರ ಹೆಜ್ಜೆ ಹಾಕಬೇಕಾದವನು ಇಷ್ಟು ವರ್ಷ ಎಲ್ಲರ ಪರವಾಗಿ ಜಾರಿ ಬಿದ್ದುಕೊಂಡಿದ್ದು, ಮೊನ್ನೆ ಬಚ್ಚಲುಮನೆಯಲ್ಲಿ ತನ್ನ ಪರವಾಗಿಯೇ ಜಾರಿಬಿದ್ದು ಕಾಲು ಮುರಿದುಕೊಂಡಿದ್ದ.

"ಅತ್ತೆ, ಮಾವ, ಮಗ, ಸೊಸೆ, ನಾಲ್ಕೂ ನೀವೇ ಮಾಡ್ಬೇಕು. ಆಗುತ್ತಾ?" ಎಂದರು ಮಾಸ್ತರು.

ಸಿನಿಮಾ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಎಡಗಾಲಪ್ಪನಿಗೆ ಬೇರೇನೂ ಕೇಳಿಸಿರಲಿಲ್ಲ. ಆಗುತ್ತದೆ ಎಂದ. ಮಾಸ್ತರು ಮುಖ್ಯವಾದ ದೃಶ್ಯವೊಂದನ್ನು ಸದ್ದಿಲ್ಲದೆ ಅವನ ಫೋನಿಗೆ ಹಾಕಿಕೊಟ್ಟರು. ಮನೆಯಲ್ಲಿ ಅಭ್ಯಾಸ ಮಾಡಿಕೊಳ್ಳಿ, ಚಿತ್ರ ಹೊರಗೆ ಬರುವವರೆಗೆ ಕಥೆ ಯಾರಿಗೂ ಹೇಳಬೇಡಿ ಎಂದರು. ಕಥೆ ಹೇಳಬೇಡಿ ಎಂದದ್ದನ್ನು ಎಡಗಾಲಪ್ಪ ಏನನ್ನೂ ಹೇಳಬೇಡಿ ಎಂದು ತಿಳಿದುಕೊಂಡ. ಹಾಗೆ ತಿಳಿದುಕೊಳ್ಳುವುದು ಅವನಿಗೆ ಅನುಕೂಲವೂ ಆಗಿತ್ತು.

ಯಾಕೆಂದರೆ ಅವನಿಗೊಬ್ಬ ಅತ್ತೆ ಇದ್ದರು. ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದು ನಿವೃತ್ತಿಯಾದವರು. ನಾಲ್ಕು ಬೀದಿ ಆಚೆ ಒಬ್ಬರೇ ಇದ್ದು, ಬಂದಾಗಲೆಲ್ಲ ಮಗಳನ್ನು "ಅಳಿಯಂದಿರು ಈಗ್ಲೂ ಅದೇ ಅಂಗಡೀಲೇನಾ?" ಎಂದು ಕೇಳುತ್ತಿದ್ದರು. ಅಳಿಯ ಎದುರಿಗೇ ಕೂತಿದ್ದರೂ ಮಗಳನ್ನೇ ಕೇಳುತ್ತಿದ್ದರು. ಅಂಥವರಿಗೆ ನಾನು ಸಿನಿಮಾದಲ್ಲಿ ಚಪ್ಪಲಿ ಸದ್ದು ಮಾಡುತ್ತೇನೆ ಎಂದು ಹೇಳುವುದು ಹೇಗೆ? ಆ ಸಂಜೆ ಅವನು ಹೆಂಡತಿಗೆ ಸಿನಿಮಾದಲ್ಲಿ ಅವಕಾಶ ಸಿಕ್ಕಿದೆ ಎಂದಷ್ಟೇ ಹೇಳಿದ.

ಹೆಂಡತಿ ವಿಮಾ ಕಚೇರಿಯವಳು. ಯಾವುದನ್ನೂ ನಾಲ್ಕು ಪ್ರಶ್ನೆ ಕೇಳದೆ ನಂಬುವವಳಲ್ಲ. ಯಾವ ಪಾತ್ರ ಎಂದಳು. ಒಂದೇ ಪಾತ್ರ ಅಲ್ಲ ಎಂದ. ದೊಡ್ಡದೋ ಚಿಕ್ಕದೋ ಎಂದಳು. ನಾನಿಲ್ಲದಿದ್ದರೆ ಅದರಲ್ಲಿ ಯಾರೂ ಒಂದು ಹೆಜ್ಜೆ ಮುಂದಿಡುವ ಹಾಗಿಲ್ಲ ಎಂದ. ಇದು ನಿಜವೇ ಆಗಿತ್ತು.

"ನಿಮ್ಮ ಮುಖ ಕಾಣುತ್ತೇನ್ರೀ?" ಎಂದಳು.

"ಮುಖದಲ್ಲೇನಿದೆ, ಅಭಿನಯ ಮುಖ್ಯ," ಎಂದ ಎಡಗಾಲಪ್ಪ.

ವಾರದೊಳಗೆ ಅಳಿಯ ನಾಯಕನಂತೆ ಎಂಬ ಸುದ್ದಿ ನಾಲ್ಕು ಬೀದಿ ದಾಟಿತು.

ಚಪ್ಪಲಿ ಅಂಗಡಿಗೆ ಮಂಗಳವಾರ ರಜೆ. ಹೆಂಡತಿ ಬೆಳಿಗ್ಗೆ ಕಚೇರಿಗೆ ಹೊರಟಳು. ಅವಳು ಬೀದಿ ತಿರುಗುವುದನ್ನೇ ಕಿಟಕಿಯಿಂದ ನೋಡುತ್ತ ನಿಂತಿದ್ದ ಎಡಗಾಲಪ್ಪ ಬಾಗಿಲು ಹಾಕಿ, ಮಂಚದ ಕೆಳಗಿನಿಂದ ಒಂದು ಚೀಲ ಎಳೆದ. ಅದರಲ್ಲಿ ಸೊಸೆಯ ಎತ್ತರದ ಹಿಮ್ಮಡಿಯ ಚಪ್ಪಲಿ, ಅತ್ತೆಯ ಚಪ್ಪಟೆ ಚಪ್ಪಲಿ ಮತ್ತು ಬೀಗದ ಕೈ ಗೊಂಚಲು, ಮಗನ ಕಿರ್ ಎನ್ನುವ ಬೂಟು, ಮಾವನ ಊರುಗೋಲು ಎಲ್ಲವೂ ಇದ್ದವು. ಫೋನನ್ನು ಗೋಡೆಗೆ ಒರಗಿಸಿಟ್ಟು ದೃಶ್ಯ ಹಚ್ಚಿದ. ಸೊಸೆ ಮನೆ ಬಿಟ್ಟು ಹೊರಡುತ್ತಾಳೆ. ಅತ್ತೆ ಅಡ್ಡ ನಿಂತು ಕೆನ್ನೆಗೊಂದು ಬಿಡುತ್ತಾಳೆ. ಸೊಸೆಯ ಕೈಯಲ್ಲಿದ್ದ ತಟ್ಟೆ ಬೀಳುತ್ತದೆ. ಮಗ ಓಡಿ ಬಂದು ಹೆಂಡತಿಯ ಹಣೆಗೆ ಮುತ್ತಿಟ್ಟು ಸಮಾಧಾನ ಮಾಡುತ್ತಾನೆ. ಎಡಗಾಲಪ್ಪ ಇಷ್ಟನ್ನೂ ಬೆವರು ಸುರಿಸಿಕೊಂಡು ಮಾಡಿದ. ಟವಲು ತೊಡೆಗೆ ಬೀಳುವುದು ಬಿಟ್ಟು ಒಮ್ಮೆ ಅವನ ಕೆನ್ನೆಗೇ ಬಿತ್ತು.

ಅವನ ಕೋಣೆಯ ನೆಲದ ಅಡಿಯಲ್ಲಿ ಕೆಳಮನೆ ಮೇಡಂ ಇದ್ದರು. ಅವರು ಟೆಲಿಫೋನ್ ಆಪರೇಟರಾಗಿದ್ದು, ಜೀವಮಾನವಿಡೀ ಬೇರೆಯವರ ಸಂಸಾರ ಕೇಳಿಸಿಕೊಂಡೇ ಪಿಂಚಣಿ ಸಂಪಾದಿಸಿದವರು. ಮೇಲಿನ ಮನೆಯ ಹೆಂಡತಿ ಮೆಟ್ಟಿಲಿಳಿದು ಹೋದದ್ದನ್ನು ಅವರು ಕೇಳಿಸಿಕೊಂಡಿದ್ದರು. ಅದಾದ ಮೇಲೆ ಎತ್ತರದ ಹಿಮ್ಮಡಿಯ ಹೆಣ್ಣು ನಡಿಗೆಯೊಂದು ನೆತ್ತಿಯ ಮೇಲೆ ಟಕಟಕ ಎಂದಾಗ ಕೈಯಲ್ಲಿದ್ದ ತರಕಾರಿ ಕೆಳಗಿಟ್ಟರು. ಪೆಟ್ಟು ಕೇಳಿತು, ತಟ್ಟೆ ಬಿತ್ತು. ಆಮೇಲೆ ಒಂದು ಮುತ್ತು. ಇದನ್ನು ಗಂಡನಿಗೆ ಹೇಳದೆ ಇರಲಾಗಲಿಲ್ಲ. ಗಂಡನಿಗೋ ಕಿವಿ ಪೂರಾ ಮಂದ.

"ಮೇಲೆ ಒಬ್ಬಳು ಹೆಂಗಸು ಬಂದಿದಾಳೇ ಅಂದೆ," ಎಂದು ಬೀದಿಗೇ ಕೇಳುವ ಹಾಗೆ ಹೇಳಿದರು.

"ಹೆಂಚು ಬಿತ್ತಾ?" ಎಂದರು ಗಂಡ. ಎದ್ದು, ಎದುರುಮನೆಯಲ್ಲಿದ್ದ ಮನೆ ಮಾಲೀಕರಿಗೆ ಮಾಡಿನ ಹೆಂಚು ಬಿದ್ದಿದೆ ಎಂದು ತಿಳಿಸಿ ಬಂದರು.

ಮಾಲೀಕರು ಏಣಿ ಹೊತ್ತುಕೊಂಡು ಬಂದು ಬಾಗಿಲು ತಟ್ಟಿದಾಗ ಎಡಗಾಲಪ್ಪ ಸಾಮಾನುಗಳನ್ನೆಲ್ಲ ಮಂಚದ ಕೆಳಗೆ ಒದ್ದು, ಏದುಸಿರು ಬಿಡುತ್ತ ತೆರೆದ. ಮಾಲೀಕರು ಮಾಡು ನೋಡಿದರು, ಹೆಂಚೆಲ್ಲ ನೆಟ್ಟಗಿತ್ತು. ಆಮೇಲೆ ಇವನ ಕೆನ್ನೆ ನೋಡಿದರು. ಅದು ಕೆಂಪಗೆ ಊದಿತ್ತು. ಯಾರು ಹೊಡೆದದ್ದು ಎಂದು ಕೇಳಿದರು. ನಾನೇ ಎಂದ. ಅಷ್ಟರಲ್ಲಿ ಅವರ ಕಣ್ಣು ಮಂಚದ ಕೆಳಗಿನಿಂದ ಇಣುಕುತ್ತಿದ್ದ ಹೆಂಗಸಿನ ಚಪ್ಪಲಿಯ ಮೇಲೆ ಬಿತ್ತು. ಮರ್ಯಾದಸ್ಥರಾದ ಅವರು ಏನೂ ಹೇಳದೆ ಏಣಿ ಹೊತ್ತುಕೊಂಡು ಇಳಿದು, ನೇರವಾಗಿ ಕೆಳಮನೆಗೆ ಹೋದರು.

ಸಂಜೆ ಹೆಂಡತಿ ಬಂದಾಗ ಮೇಡಂ ಬಾಗಿಲಲ್ಲೇ ನಿಂತಿದ್ದು, ನಿಮ್ಮಲ್ಲಿಗೆ ನೆಂಟರು ಬಂದಿದ್ದರಾ ಎಂದು ಬಹಳ ಸಾಧುವಾಗಿ ವಿಚಾರಿಸಿದರು. ಅವಳು ಮೇಲೆ ಬಂದವಳೇ ಮಂಚದ ಕೆಳಗೆ ಬಗ್ಗಿದಳು. ಬಗ್ಗಬೇಕೆಂದು ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಚಪ್ಪಲಿಯನ್ನು ಎರಡು ಬೆರಳಲ್ಲಿ ಹಿಡಿದು ಮೇಲೆತ್ತಿದಳು.

"ಯಾರ್ದಿದು?"

"ಸೊಸೇದು," ಎಂದ ಎಡಗಾಲಪ್ಪ.

"ಯಾರ ಸೊಸೆ?"

ಎಡಗಾಲಪ್ಪ ಸ್ವಲ್ಪ ಯೋಚಿಸಿ, "ಅತ್ತೇದು," ಎಂದ.

ಅತ್ತೆ ಎಂದರೆ ಅವಳಿಗೆ ತನ್ನ ಅಮ್ಮನ ನೆನಪು ಬರಬೇಕು, ಅಮ್ಮನಿಗೆ ಸೊಸೆಯೇ ಇಲ್ಲ. ಅವನು ಸರಿಪಡಿಸಲು ಹೋಗಿ, ಇದೆಲ್ಲ ಮನೆಯವರ ಮಧ್ಯದ ವಿಷಯ, ಈಗ ಹೇಳಬಾರದು, ಎಲ್ಲ ಮುಗಿದ ಮೇಲೆ ತಾನೇ ಎಲ್ಲರಿಗೂ ಗೊತ್ತಾಗುತ್ತದೆ ಎಂದ. ಕುಟುಂಬದ ಚಿತ್ರವೊಂದರ ಬಗ್ಗೆ ಅವನು ಹೇಳಿದ್ದು ಇಷ್ಟೇ. ಹೆಂಡತಿ ಚಪ್ಪಲಿಯನ್ನು ಇದ್ದಲ್ಲೇ ಇಟ್ಟು ಅಡುಗೆಮನೆಗೆ ಹೋದಳು. ನಾಲ್ಕು ಪ್ರಶ್ನೆ ಕೇಳುವವಳು ಎರಡಕ್ಕೇ ನಿಲ್ಲಿಸಿದ್ದನ್ನು ಕಂಡು ಎಡಗಾಲಪ್ಪನಿಗೆ ಸಮಾಧಾನವೇ ಆಯಿತು. ವಾರವಿಡೀ ಅವಳು ಮಾತು ಕಡಿಮೆ ಮಾಡಿದ್ದನ್ನೂ ಅವನು ಕಲಾವಿದನಿಗೆ ಸಲ್ಲುವ ಗೌರವ ಎಂದುಕೊಂಡ.

ಮುಂದಿನ ಮಂಗಳವಾರ ಅವಳು ಎಂದಿನ ಹಾಗೆ ಕಚೇರಿಗೆ ಹೊರಟು, ಬೀದಿ ತಿರುಗಿ, ಹಿತ್ತಲ ಓಣಿಯಿಂದ ಬಂದು ಕೆಳಮನೆಯಲ್ಲಿ ಕೂತಳು. ಅವಳ ಅಮ್ಮ ಆಗಲೇ ಅಲ್ಲಿದ್ದರು. ಮಾಲೀಕರೂ ಇದ್ದರು, ಹೆಂಚಿನ ಬಗ್ಗೆ ಅವರಿಗೆ ಇನ್ನೂ ಅನುಮಾನವಿದೆ ಎಂಬ ನೆಪದಲ್ಲಿ. ಮೇಡಂ ಟೀ ಕೊಟ್ಟು, ಎಲ್ಲರನ್ನೂ ಸುಮ್ಮನಿರಿಸಿ, ಮೇಲಕ್ಕೆ ಕಿವಿ ಎತ್ತಿದರು. ಅಲ್ಲಿ ನಡೆದದ್ದೆಲ್ಲ ಎಡಗಾಲಪ್ಪನಿಗೆ ಆಮೇಲೆ ತಿಳಿದದ್ದು. ಆ ಹೊತ್ತಿಗೆ ಅವನು ಮೇಲೆ ಸೊಸೆಯಾಗಿದ್ದ.

"ಬಂದ್ಲು," ಎಂದರು ಮೇಡಂ.

ಟಕಟಕ ಎಂದು ನಡಿಗೆ ಕೋಣೆಯ ಈ ತುದಿಯಿಂದ ಆ ತುದಿಗೆ ಹೋಯಿತು. ಹೆಂಡತಿ ಕೈಯಲ್ಲಿದ್ದ ಲೋಟವನ್ನು ಬಿಗಿಯಾಗಿ ಹಿಡಿದಳು. ಟಕಟಕ ನಿಂತು, ಬೀಗದ ಕೈ ಗೊಂಚಲಿನ ಝಣಝಣದೊಡನೆ ಇನ್ನೊಂದು ನಡಿಗೆ ಶುರುವಾಯಿತು. ಅದು ವಯಸ್ಸಾದ ಹೆಂಗಸಿನದು, ಅವಳ ತಾಯಿ ಇರಬೇಕು ಎಂದು ಮೇಡಂ ಅರ್ಥ ಹೇಳಿದರು. ಊರುಗೋಲು ಕುಟ್ಟಿತು. ತಂದೆಯೂ ಬಂದಿದ್ದಾನೆ ಎಂದರು. ಕಿರ್ ಕಿರ್ ಎಂದು ಬೂಟು ಓಡಾಡಿತು. ಇದು ಅವಳ ಅಣ್ಣನೋ ತಮ್ಮನೋ ಎಂಬಲ್ಲಿ ಮಾತ್ರ ಮೇಡಂ ಮತ್ತು ಮಾಲೀಕರ ನಡುವೆ ಸ್ವಲ್ಪ ಭಿನ್ನಾಭಿಪ್ರಾಯ ಬಂತು.

ವಾರ್ಡನ್ ಅತ್ತೆ ಇಷ್ಟೂ ಹೊತ್ತು ಛಾವಣಿಯನ್ನೇ ನೋಡುತ್ತಿದ್ದರು. ನಿಧಾನವಾಗಿ ಮಗಳ ಕಡೆ ತಿರುಗಿದರು.

"ಒಬ್ಬಳಲ್ಲ ಕಣೇ. ಪೂರ್ತಿ ಸಂಸಾರಾನೇ ಇದೆ."

ಅಷ್ಟರಲ್ಲಿ ಛಟೀರೆಂದು ಕೆನ್ನೆಗೆ ಬಿತ್ತು, ತಟ್ಟೆ ಉರುಳಿತು. ಆ ಸಂಸಾರದಲ್ಲೂ ಅವನಿಗೆ ಸುಖವಿಲ್ಲ ಎಂದು ಮಾಲೀಕರು ನಿಟ್ಟುಸಿರುಬಿಟ್ಟರು. ಅದರ ಬೆನ್ನಿಗೇ ಮುತ್ತು ಕೇಳಿಸಿತು. ಹೆಂಡತಿ ಲೋಟ ಇಟ್ಟು ಎದ್ದು ನಿಂತಳು. ಎಲ್ಲರೂ ಅವಳ ಹಿಂದೆ ಮೆಟ್ಟಿಲು ಹತ್ತಿದರು. ಮೇಡಂ ಗಂಡನಿಗೆ ಬಾಗಿಲು ನೋಡಿಕೊಳ್ಳಲು ಹೇಳಿ ಹತ್ತಿದರು. ಅವರಿಗೆ ಕೇಳಿಸಿತೋ ಇಲ್ಲವೋ.

ಹೆಂಡತಿ ತನ್ನ ಬಳಿಯಿದ್ದ ಬೀಗದ ಕೈಯಿಂದ ಬಾಗಿಲು ತೆರೆದಾಗ ಕಂಡದ್ದು ಹೀಗೆ. ಎಡಗಾಲಪ್ಪನ ಒಂದು ಕಾಲಲ್ಲಿ ಎತ್ತರದ ಹಿಮ್ಮಡಿಯ ಚಪ್ಪಲಿ, ಇನ್ನೊಂದರಲ್ಲಿ ಕಿರ್ ಬೂಟು, ಮಗ ಸೊಸೆ ಜೊತೆಯಾಗಿ ನಡೆಯುವ ದೃಶ್ಯಕ್ಕೆ ಅವನು ಕಂಡುಕೊಂಡ ಉಪಾಯವದು. ಸೊಂಟದಲ್ಲಿ ಬೀಗದ ಕೈ ಗೊಂಚಲು, ಕಂಕುಳಲ್ಲಿ ಊರುಗೋಲು, ಕೈಯಲ್ಲಿ ಒದ್ದೆ ಟವಲು. ಹೆಂಡತಿಯನ್ನೂ ಅವಳ ಹಿಂದೆ ಅತ್ತೆಯನ್ನೂ ಕಂಡು ಅವನು ಕೂರಲು ಹೋದ. ಎತ್ತರದ ಕಾಲು ಒಪ್ಪಲಿಲ್ಲ, ವಾಲಿಕೊಂಡೇ ನಿಂತ.

ಎಲ್ಲರೂ ಅವನನ್ನು ದಾಟಿ ಒಳಗೆ ನುಗ್ಗಿದರು. ಮಂಚದ ಕೆಳಗೆ ನೋಡಿದರು, ಬೀರು ತೆರೆದರು, ಬಚ್ಚಲುಮನೆಗೆ ಬೆಳಕು ಹಾಕಿದರು. ಮಾಲೀಕರು ನೀರಿನ ಡ್ರಮ್ಮಿನ ಮುಚ್ಚಳ ತೆಗೆದು ಒಳಗೆ ಬಗ್ಗಿ ನೋಡಿದರು. ಕೊನೆಗೆ ಅತ್ತೆ ಮೊದಲ ಬಾರಿಗೆ ಅಳಿಯನನ್ನೇ ನೇರವಾಗಿ ಕೇಳಿದರು.

"ಅವರೆಲ್ಲ ಎಲ್ಲಿ?"

"ಎಲ್ರೂ ನಾನೇ," ಎಂದ ಎಡಗಾಲಪ್ಪ.

ಆಮೇಲೆ ಅವನು ಎಲ್ಲವನ್ನೂ ಹೇಳಿದ. ನಾಯಕನಲ್ಲ, ಖಳನಲ್ಲ, ಮುಖ ಇಲ್ಲ, ಕಾಲೂ ಕಾಣುವುದಿಲ್ಲ, ಕಾಲಿನ ಸದ್ದು ಮಾತ್ರ. ಹೇಳಿದಷ್ಟೂ ಅವನ ದನಿ ಸಣ್ಣದಾಗುತ್ತ ಹೋಯಿತು. ಮೇಡಂ ನಂಬಲು ಸುತರಾಂ ಒಪ್ಪಲಿಲ್ಲ. ಒಂದು ಲೈನಿನಲ್ಲಿ ಎಷ್ಟು ಜನ ಇದ್ದಾರೆಂದು ಉಸಿರಾಟದಲ್ಲೇ ಹೇಳುತ್ತಿದ್ದವರು ಅವರು. ಈ ಮನೆಯಲ್ಲಿ ನಾಲ್ಕು ಜನ ನಡೆದದ್ದನ್ನು ತಮ್ಮ ಕಿವಿಯಾರೆ ಕೇಳಿದ್ದರು. ಪರೀಕ್ಷೆ ಮಾಡಿಯೇ ಬಿಡೋಣ ಎಂದು ಅತ್ತೆ ತೀರ್ಮಾನ ಕೊಟ್ಟರು. ಹೆಂಡತಿ ಮೇಲೆ ನಿಂತು ನೋಡುವುದು, ಉಳಿದವರು ಕೆಳಗೆ ಹೋಗಿ ಕೇಳುವುದು.

ಎಡಗಾಲಪ್ಪ ಎರಡೂ ಕಾಲಿಗೆ ಸೊಸೆಯ ಚಪ್ಪಲಿ ಹಾಕಿಕೊಂಡು ಶುರುಮಾಡಿದ. ಹೆಂಡತಿ ಕೈಕಟ್ಟಿಕೊಂಡು ನಿಂತಿದ್ದಳು. ಅವನು ಸೊಸೆಯಾಗಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕೆಳಗಿನಿಂದ ಮೇಡಂ ಕೂಗಿದರು, "ಬಂದ್ಲು ನೋಡಿ, ಅದೇ ಹುಡುಗಿ." ಅವನು ಕೋಲು ಕುಟ್ಟಿದ. "ಮುದುಕನೂ ಎದ್ದ," ಎಂದು ಕೂಗಿದರು. ಅವನು ತನ್ನ ಮುಂಗೈಗೆ ಲೊಚಕ್ಕನೆ ಮುತ್ತು ಕೊಟ್ಟುಕೊಂಡ. "ಅಯ್ಯೋ, ಹೆಂಡತಿ ಎದುರಿಗೇ," ಎಂದು ಮಾಲೀಕರ ದನಿ ಕೇಳಿತು. ಹೆಂಡತಿಯ ಕಟ್ಟಿದ ಕೈ ಬಿಚ್ಚಿಕೊಂಡಿತು. ಒಂದು ಕೈ ಬಾಯಿಗೆ ಹೋಯಿತು, ಇನ್ನೊಂದು ಗೋಡೆ ಹುಡುಕಿತು. ವಾರವಿಡೀ ಹಿಡಿದಿಟ್ಟದ್ದೆಲ್ಲ ಒಟ್ಟಿಗೆ ಬಂದು ಅವಳು ನೆಲಕ್ಕೆ ಕುಸಿದು ನಕ್ಕಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡು, "ಇದನ್ನೇ ಹೇಳೋಕೆ ಏನಾಗಿತ್ತು ನಿಮ್ಗೆ?" ಎಂದಳು. ಎಡಗಾಲಪ್ಪನಿಗೆ ನಾಚಿಕೆಯಾಗಿತ್ತು ಎನ್ನುವುದಕ್ಕೂ ನಾಚಿಕೆಯಾಯಿತು.

ಅತ್ತೆ ಮತ್ತೆ ಮೇಲೆ ಬಂದರು. ಇನ್ನು ಮಂಗಳಾರತಿ ಎಂದುಕೊಂಡು ಎಡಗಾಲಪ್ಪ ಗೋಡೆಗೆ ಒತ್ತಿಕೊಂಡ. ಅತ್ತೆ ಅವನ ಮುಖ ನೋಡಲಿಲ್ಲ, ಕಾಲು ನೋಡಿದರು.

"ಸೊಸೆ ಪರವಾಗಿಲ್ಲ. ಮಾವನೂ ಆಗಬಹುದು. ಅತ್ತೆ ಮಾತ್ರ ತಪ್ಪು. ಹಾಲು ಕದ್ದು ಬಂದ ಬೆಕ್ಕಿನ ಹಾಗೆ ನಡೀತೀರಿ. ಮನೆ ಯಜಮಾನಿ ಹಾಗೆ ನಡೀತಾಳಾ?"

ಬೀಗದ ಕೈ ಗೊಂಚಲನ್ನು ಅವನ ಸೊಂಟದಿಂದ ಬಿಚ್ಚಿ ತಾವು ಸಿಕ್ಕಿಸಿಕೊಂಡು, ಬಾಗಿಲಿನಿಂದ ಕಿಟಕಿಯವರೆಗೆ ನಡೆದರು. ಅವಸರವಿಲ್ಲ, ಜೋರಿಲ್ಲ. ಒಂದೊಂದು ಹೆಜ್ಜೆಯೂ ಎದುರಿನವರು ಏನೋ ತಪ್ಪು ಮಾಡಿದ್ದಾರೆ ಎಂಬಂತೆ ಬೀಳುತ್ತಿತ್ತು. ಕೆಳಗೆ ಮಾಲೀಕರು ತಾವಾಗಿ ಎದ್ದು ನೆಟ್ಟಗೆ ನಿಂತರಂತೆ. ಮೇಡಂ ಗಂಡ ಓದುತ್ತಿದ್ದ ಪತ್ರಿಕೆ ಕೆಳಗಿಳಿಸಿ, "ಯಾರೋ ಬಂದ್ರು," ಎಂದರಂತೆ. ಅವರಿಗೆ ಗುಡುಗು ಕೇಳಿಸಿಯೇ ಎಷ್ಟೋ ವರ್ಷವಾಗಿತ್ತು.

ಎಡಗಾಲಪ್ಪ ಜೀವನದಲ್ಲಿ ಮಾಡಿದ ಬುದ್ಧಿವಂತಿಕೆಯ ಕೆಲಸ ಒಂದೇ, ಅದನ್ನು ಅವನು ಆಗ ಮಾಡಿದ. "ಅತ್ತೇ, ನೀವೇ ಬಂದ್ಬಿಡಿ," ಎಂದ.

ಧ್ವನಿಮುದ್ರಣದ ದಿನ ಅಳಿಯನ ಹಿಂದೆ ಬಂದವರನ್ನು ನೋಡಿ ಸದ್ದಿನ ಮಾಸ್ತರು ಮೊದಲು ಬಾಗಿಲು ಹಾಕಿಕೊಳ್ಳಲು ನೋಡಿದರು. ಅತ್ತೆಯ ನಡಿಗೆಯ ಸದ್ದು ಕೇಳಿದ ಮೇಲೆ ಸಿಗರೇಟು ಆರಿಸಿ ಕುರ್ಚಿ ಕೊಟ್ಟರು. ಆ ಕೋಣೆಯ ನೆಲದಲ್ಲಿ ಚೌಕಚೌಕವಾಗಿ ಕಲ್ಲು, ಮರ, ಮರಳು ಎಲ್ಲ ಇತ್ತು. ಎದುರಿಗೆ ಪರದೆ, ಕಾಲ ಬಳಿ ಮೈಕು. ಎಡಗಾಲಪ್ಪ ಗಾಬರಿಯಲ್ಲಿ ಚಪ್ಪಲಿ ಅದಲುಬದಲು ಮಾಡಿಕೊಂಡದ್ದರಿಂದ ಮೊದಲ ಸಲ ಪರದೆಯ ಮೇಲಿನ ಮಾವನವರು ಊರುಗೋಲು ಹಿಡಿದು ಎತ್ತರದ ಹಿಮ್ಮಡಿಯಲ್ಲಿ ಟಕಟಕ ಮೆಟ್ಟಿಲಿಳಿದರು. ಎರಡನೇ ಸಲ ಸರಿಹೋಯಿತು. ಅತ್ತೆಯ ತೊಂದರೆ ಬೇರೆ. ಅವರು ಪರದೆ ನೋಡಲು ಒಪ್ಪಲಿಲ್ಲ. ಪರದೆಯ ಅತ್ತೆ ಎಲ್ಲಿ ನಿಲ್ಲುತ್ತಾರೋ ಅಲ್ಲಿ ನಿಲ್ಲಬೇಕಮ್ಮ ಎಂದು ಮಾಸ್ತರು ಕೈಮುಗಿದರು. ಮನೆ ಬಿಟ್ಟು ಹೋಗುವವಳನ್ನು ಹಿಡಿಯುವವರೆಗೆ ನಿಲ್ಲುವುದುಂಟೇ, ಬೇಕಾದರೆ ಆಕೆಗೇ ನನ್ನ ಜೊತೆ ಬರಲು ಹೇಳಿ ಎಂದರು ಇವರು. ಪರದೆಯ ಅತ್ತೆಯಾದ ಆ ನಟಿ ನಾಡಿನಲ್ಲೇ ಹೆಸರಾದವರು. ನಿರ್ದೇಶಕರು ಬಂದು ಕೇಳಿದರು, ತಲೆ ಕೆರೆದುಕೊಂಡರು, ಕೊನೆಗೆ ಆ ನಟಿ ನಿಲ್ಲುವ ತುಣುಕನ್ನೇ ಕತ್ತರಿಸಿ ಹಾಕಿದರು.

ಉಳಿದದ್ದು ಅತ್ತೆ ಸೊಸೆ ಒಂದಾಗುವ ಕಡೆಯ ದೃಶ್ಯ. ಅಷ್ಟು ಹೊತ್ತಿಗೆ ಕಚೇರಿ ಮುಗಿಸಿ ಬಂದ ಹೆಂಡತಿಯನ್ನು ಮಾಸ್ತರು ಹೊರಗೇ ಕೂರಿಸಿ ಬಾಗಿಲು ಹಾಕಿಕೊಂಡರು. ಬಹಳ ಹೊತ್ತಾದ ಮೇಲೆ ಅಮ್ಮನೂ ಗಂಡನೂ ಹೊರಗೆ ಬಂದರು. ಇಬ್ಬರ ಮುಖವೂ ಕೆಂಪಗಿತ್ತು. ಏನಾಯಿತು ಎಂದರೆ ಅವನು ಸುಸ್ತು ಎಂದ. ಅಮ್ಮ ಇಲ್ಲಿ ಟೀ ಎಲ್ಲಿ ಸಿಗುತ್ತದೆ ಎಂದು ಕೇಳಿದರು.

ಸಿನಿಮಾ ಬಂತು. ಕೆಳಮನೆ ಮೇಡಂ, ಅವರ ಗಂಡ, ಮಾಲೀಕರು, ಅಂಗಡಿಯ ಯಜಮಾನರು ಎಲ್ಲರೂ ಒಂದೇ ಸಾಲಿನಲ್ಲಿ ಕೂತರು. ಅತ್ತೆ ಒಂದು ಪಕ್ಕ, ಅಳಿಯ ಇನ್ನೊಂದು ಪಕ್ಕ, ನಡುವೆ ಹೆಂಡತಿ. ಉಳಿದ ಪ್ರೇಕ್ಷಕರು ನಟರ ಮುಖ ನೋಡುತ್ತಿದ್ದರೆ ಈ ಸಾಲು ಮಾತ್ರ ಕಿವಿ ಕೊಟ್ಟು ಕೂತಿತ್ತು. ನಾಯಕ ಕಣ್ಣೀರಿನಲ್ಲಿ ದೊಡ್ಡ ಮಾತೊಂದನ್ನು ಆಡುವಾಗ ಅತ್ತೆ ಕತ್ತೆತ್ತಿ, "ಇವನೊಬ್ಬ ಮಧ್ಯೆ ಮಾತಾಡ್ತಾನೆ, ನನ್ನ ಹೆಜ್ಜೆ ಕೇಳಿಸ್ಲೇ ಇಲ್ಲ," ಎಂದರು. ಮುಂದಿನ ಸಾಲಿನವರು ಎರಡು ಸಲ ತಿರುಗಿ ನೋಡಿದರು.

ಕಡೆಯ ದೃಶ್ಯ ಬಂತು. ಪರದೆಯ ಮೇಲೆ ಸೊಸೆ ಹೊಸ್ತಿಲು ದಾಟಿ ಹೋಗುತ್ತಿದ್ದಳು. ಟಕಟಕ ಎಂಬ ಆ ನಡಿಗೆ ತನ್ನ ಗಂಡನದು ಎಂದು ಹೆಂಡತಿಗೆ ಗೊತ್ತು. ಹಿಂದಿನಿಂದ ಬೀಗದ ಕೈ ಝಣಗುಟ್ಟಿತು, ಇನ್ನೊಂದು ನಡಿಗೆ ಹೊರಟಿತು. ಅದು ನಿಲ್ಲಲಿಲ್ಲ, ಮೆಟ್ಟಿಲಿಳಿಯಿತು, ಅಂಗಳ ದಾಟಿತು, ಸೊಸೆಯನ್ನು ಹಿಡಿದೇಬಿಟ್ಟಿತು. ಒಂದು ಕ್ಷಣ ಸದ್ದಿಲ್ಲ. ಆಮೇಲೆ ಬಟ್ಟೆಗೆ ಬಟ್ಟೆ ಒತ್ತಿ ಸರಿದ ಮೆತ್ತನೆಯ ಸದ್ದು, ಅದರ ಬೆನ್ನಿಗೆ ಒಂದು ದೀರ್ಘವಾದ ಉಸಿರು. ಇಡೀ ಥಿಯೇಟರು ಮೂಗೆಳೆಯಿತು. ಹೆಂಡತಿಯ ಕಣ್ಣಲ್ಲೂ ನೀರು ತುಂಬಿತು. ಅವಳ ಮದುವೆಯಾದಂದಿನಿಂದ ಅಮ್ಮನೂ ಗಂಡನೂ ಒಂದು ಲೋಟ ನೀರನ್ನು ಕೂಡ ಅವಳ ಮೂಲಕವೇ ಕೇಳಿ ಪಡೆದವರು.

ಅವಳು ಕಣ್ಣೊರೆಸಿಕೊಂಡು ಆ ಕಡೆ ಅಮ್ಮನನ್ನೂ ಈ ಕಡೆ ಗಂಡನನ್ನೂ ನೋಡಿದಳು. "ಈಗ ತಬ್ಬಿಕೊಂಡ್ರಲ್ಲ, ಆ ಸದ್ದು ಯಾರು ಮಾಡಿದ್ದು?" ಎಂದು ಪಿಸುಗುಟ್ಟಿದಳು.

ಎಡಗಾಲಪ್ಪ ಪರದೆಯಿಂದ ಕಣ್ಣು ಕದಲಿಸಲಿಲ್ಲ. ಅತ್ತೆಯೂ ಕದಲಿಸಲಿಲ್ಲ.

"ಮಧ್ಯ ದಿಂಬು ಇತ್ತು," ಎಂದರು ಅತ್ತೆ.